ಹಾದುಹೋದ ದಾರಿ, ಹುಡುಕಿದ ಜಾಗ: ಎಲೈಟ್ ಡೇಂಜರಸ್‌ನಲ್ಲಿ ಆಟಗಾರರ ಅನ್ವೇಷಣೆಯನ್ನು ಅಳೆಯುವುದು ಹೇಗೆ

ಎಲೈಟ್ ಡೇಂಜರಸ್ ಎಂಬ ಬಾಹ್ಯಾಕಾಶ ನೌಕೆಯ ಕಂಪ್ಯೂಟರ್ ಆಟದಲ್ಲಿ ಆಟಗಾರರು ಭೇಟಿ ಕೊಟ್ಟ ನಕ್ಷತ್ರವ್ಯೂಹಗಳನ್ನೆಲ್ಲ ಚುಕ್ಕಿಗಳಾಗಿ ಒಂದೇ ನಕ್ಷೆಯಲ್ಲಿ ಹಾಕಿ ನೋಡಿ. ಮೊದಲು ಕಣ್ಣಿಗೆ ಬೀಳುವುದು ಸೂರ್ಯನ ಸುತ್ತ ಹೊಳೆಯುವ ಒಂದು ಉಂಡೆ. ಆಮೇಲೆ ಅಲ್ಲಿಂದ ಹೊರಟು ಕೊಲೋನಿಯಾ ಎಂಬ ದೂರದ ಜನವಸತಿಯ ಕಡೆಗೂ ಆಕಾಶಗಂಗೆಯ ನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್ ಕಡೆಗೂ ಸಾಗುವ ದಪ್ಪ ಗೆರೆಗಳು. ಚುಕ್ಕಿ ಹೆಚ್ಚಿರುವಲ್ಲಿ ಅನ್ವೇಷಣೆಯೂ ಹೆಚ್ಚು ನಡೆದಿದೆ ಎಂದು ಅಲ್ಲಿಗೇ ತೀರ್ಮಾನಿಸಿದರೆ ವಿಶ್ಲೇಷಣೆ ದಾರಿ ತಪ್ಪಿದಂತೆ. ಆ ಗೆರೆ ತೋರಿಸುವುದು ಹೆದ್ದಾರಿಯನ್ನು. ಜನ ಅಲ್ಲಿ ಹಾದುಹೋಗಿದ್ದಾರೆ, ಹೆಚ್ಚಿನವರು ಏನನ್ನೂ ಹುಡುಕಿಲ್ಲ.

ಹಾದುಹೋದದ್ದನ್ನೂ ಹುಡುಕಿದ್ದನ್ನೂ ಬೇರೆ ಮಾಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಇದಕ್ಕೆ ದೊಡ್ಡ ಗಣಿತ ಬೇಕಿಲ್ಲ. ಪೈಥಾನ್ ಅಥವಾ ಅಂಥ ಯಾವುದಾದರೂ ಭಾಷೆಯಲ್ಲಿ ಫೈಲ್ ಓದಿ, ಗುಂಪು ಮಾಡಿ, ಎಣಿಸಲು ಬಂದರೆ ಸಾಕು. ಆದರೆ ಆಟದ ಒಳಗಿನ ನಿಯಮಗಳು ಗೊತ್ತಿರಲೇಬೇಕು. ಇಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಲೆಕ್ಕದ ತಪ್ಪುಗಳಲ್ಲ, ಆಟವನ್ನು ಅರ್ಥ ಮಾಡಿಕೊಳ್ಳುವಲ್ಲಿ ಆದ ತಪ್ಪುಗಳು.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಕಿರಿದು ಮಾಡಿ

ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಈ ಆಟವನ್ನು 2014ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಆಟದ ಒಳಗಿರುವುದು ನಮ್ಮ ಆಕಾಶಗಂಗೆಯೇ, ನಿಜವಾದ ಅಳತೆಯಲ್ಲಿ, ಸುಮಾರು 400 ಶತಕೋಟಿ ನಕ್ಷತ್ರವ್ಯೂಹಗಳೊಂದಿಗೆ. ಅಷ್ಟು ವರ್ಷಗಳಲ್ಲಿ ಎಲ್ಲ ಆಟಗಾರರೂ ಸೇರಿ ನೋಡಿರುವುದು ಇದರಲ್ಲಿ ತೀರಾ ಸಣ್ಣ ಪಾಲು. ಹಾಗಾಗಿ ಶೇಕಡಾ ಎಷ್ಟು ನೋಡಿ ಮುಗಿದಿದೆ ಎಂಬ ಪ್ರಶ್ನೆಯಿಂದ ಹೆಚ್ಚೇನೂ ಸಿಗುವುದಿಲ್ಲ. ಉತ್ತರ ಯಾವಾಗಲೂ ಸೊನ್ನೆಯ ಪಕ್ಕದಲ್ಲೇ ಇರುತ್ತದೆ.

ಉತ್ತರ ಸಿಗುವಂಥ ಪ್ರಶ್ನೆಗಳು ಬೇರೆ. ಕೊಲೋನಿಯಾಕ್ಕೆ ಹೊರಟವರು ದಾರಿ ಬಿಟ್ಟು ಎಷ್ಟು ದೂರ ಸರಿದು ನೋಡುತ್ತಾರೆ? ಯಾವ ಬಗೆಯ ನಕ್ಷತ್ರವನ್ನು ಬೇಕೆಂದೇ ಹುಡುಕಿಕೊಂಡು ಹೋಗುತ್ತಾರೆ, ಯಾವುದನ್ನು ಬಿಟ್ಟುಬಿಡುತ್ತಾರೆ? ದೊಡ್ಡ ಅಪ್‌ಡೇಟ್ ಬಂದ ಮೇಲೆ ದೂರ ಹೋಗುವವರು ಹೆಚ್ಚಾದರೇ ಕಡಿಮೆಯಾದರೇ? ಇಂಥದ್ದರಲ್ಲಿ ಒಂದನ್ನು ಆಯ್ದುಕೊಂಡು ಕಾಗದದ ಮೇಲೆ ಒಂದೇ ವಾಕ್ಯದಲ್ಲಿ ಬರೆದಿಡಿ. ಡೇಟಾ ತೆರೆದ ಮೇಲೆ ಪ್ರಶ್ನೆ ಹುಡುಕಲು ಕೂತರೆ ಕಂಡದ್ದೆಲ್ಲ ಮುಖ್ಯ ಅನ್ನಿಸುತ್ತದೆ.

ಎರಡನೆಯ ಹೆಜ್ಜೆ: ಡೇಟಾ ತರುವುದು

ಪಿಸಿಯಲ್ಲಿ ಆಡುವಾಗ ಆಟವು ಜರ್ನಲ್ ಎಂಬ ಫೈಲ್‌ನಲ್ಲಿ ನಡೆದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುತ್ತದೆ. ಒಂದು ಘಟನೆಗೆ ಒಂದು ಸಾಲು, ಪ್ರತಿ ಸಾಲೂ ಜೇಸನ್ ರೂಪದಲ್ಲಿ. ಕೆಲವು ಆಟಗಾರರು ತಮ್ಮ ಜರ್ನಲ್ ಓದಿ ಹೊರಗೆ ಕಳಿಸುವ ಸಹಾಯಕ ಪ್ರೋಗ್ರಾಂ ಒಂದನ್ನು ಹಾಕಿಕೊಂಡಿರುತ್ತಾರೆ. ಹಾಗೆ ಕಳಿಸಿದ್ದು ಇಡಿಡಿಎನ್ ಎಂಬ ಸಮುದಾಯದ ಜಾಲಕ್ಕೆ ಹೋಗುತ್ತದೆ. ಇಡಿಡಿಎನ್ ಏನನ್ನೂ ಕೂಡಿಡುವುದಿಲ್ಲ, ಬಂದದ್ದನ್ನು ಆ ಕ್ಷಣವೇ ಕೇಳುತ್ತಿರುವವರಿಗೆಲ್ಲ ಹಂಚುತ್ತದೆ. ಕೂಡಿಡುವ ಕೆಲಸ ಇಡಿಎಸ್‌ಎಂ, ಸ್ಪಾನ್ಷ್ ಮುಂತಾದ ತಾಣಗಳದ್ದು. ಇಡೀ ಸಂಗ್ರಹವನ್ನು ಅಥವಾ ಇತ್ತೀಚಿನ ದಿನಗಳಲ್ಲಿ ಬದಲಾದದ್ದನ್ನಷ್ಟೇ ಡೌನ್‌ಲೋಡ್ ಮಾಡಿಕೊಳ್ಳಲು ಅವು ಬಿಡುತ್ತವೆ.

ಮೊದಲ ಸಲ ಕೆಲಸಕ್ಕೆ ಇಳಿಯುವವರು ಏಳು ದಿನದ ಫೈಲ್‌ನಿಂದ ಶುರು ಮಾಡಿ. ಪೂರ್ಣ ಸಂಗ್ರಹವನ್ನು ಬಿಚ್ಚಿದರೆ ಸಾಮಾನ್ಯ ಲ್ಯಾಪ್‌ಟಾಪ್‌ನ ಮೆಮೊರಿಗೆ ಹಿಡಿಸುವುದಿಲ್ಲ. ಅದು ಬೇಕೇ ಆದಾಗ ಫೈಲನ್ನು ಇಡಿಯಾಗಿ ತೆರೆಯದೆ ಒಂದೊಂದೇ ಸಾಲು ಓದಿ, ಬೇಕಾದ ನಾಲ್ಕೈದು ಅಂಶಗಳನ್ನು ಮಾತ್ರ ಎಸ್‌ಕ್ಯೂಲೈಟ್‌ನಂಥ ಡೇಟಾಬೇಸ್‌ಗೆ ಹಾಕಿಕೊಳ್ಳಿ.

ಕಾಲಕ್ರಮದ ಪ್ರಶ್ನೆಯಾದರೆ ಒಂದು ಎಚ್ಚರಿಕೆ. ಇಡಿಎಸ್‌ಎಂಗೆ ಆಟಗಾರರು ತಮ್ಮ ಹಳೆಯ ಜರ್ನಲ್‌ಗಳನ್ನೂ ಒಟ್ಟಿಗೆ ಸೇರಿಸಬಹುದು. ಇವತ್ತು ಹೊಸದಾಗಿ ಕಾಣುವ ಸಿಸ್ಟಮ್‌ಗೆ (ನಕ್ಷತ್ರವ್ಯೂಹಕ್ಕೆ) ಯಾರೋ ಎರಡು ವರ್ಷದ ಹಿಂದೆ ಹೋಗಿಬಂದಿರಬಹುದು. ವಾರದಿಂದ ವಾರಕ್ಕೆ ಏನಾಯಿತು ಎಂದು ನೋಡಬೇಕಾದರೆ ಇಡಿಡಿಎನ್ ಹರಿವನ್ನು ನೀವೇ ಕೆಲವು ವಾರ ಕೇಳಿಸಿಕೊಂಡು ದಾಖಲಿಸುವುದು ಒಳ್ಳೆಯದು. ಬರುವ ಸಂದೇಶಗಳು ಝಡ್‌ಲಿಬ್‌ನಲ್ಲಿ ಕುಗ್ಗಿಸಿದ ಜೇಸನ್, ಬಿಚ್ಚಿ ದಿನಕ್ಕೊಂದು ಫೈಲ್‌ಗೆ ಬರೆದರಾಯಿತು.

ಮೂರನೆಯ ಹೆಜ್ಜೆ: ಯಾವ ಸಾಲು ಏನು ಹೇಳುತ್ತದೆ

ಇಲ್ಲಿ ಸಾವಧಾನ ಬೇಕು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಎಫ್‌ಎಸ್‌ಡಿ ಜಂಪ್ ಎಂಬ ಸಾಲು ಬಂದರೆ ಒಬ್ಬ ಆಟಗಾರ ಒಂದು ಸಿಸ್ಟಮ್‌ಗೆ ಜಿಗಿದು ಬಂದ ಎಂದರ್ಥ. ಅಷ್ಟೇ ಅರ್ಥ. ಸಿಸ್ಟಮ್‌ನ ಹೆಸರು, ವಿಳಾಸ ಸಂಖ್ಯೆ, ಮೂರು ನಿರ್ದೇಶಾಂಕಗಳು ಅದರಲ್ಲಿರುತ್ತವೆ. ಎಷ್ಟು ದೂರ ಜಿಗಿದ, ಎಷ್ಟು ಇಂಧನ ಸುಟ್ಟ ಎಂಬುದು ಆಟಗಾರನ ಜರ್ನಲ್‌ನಲ್ಲಿ ಇರುತ್ತದೆ, ಇಡಿಡಿಎನ್‌ಗೆ ಹೋಗುವಾಗ ಅದನ್ನು ತೆಗೆದುಹಾಕುತ್ತಾರೆ. ಖಾಸಗಿತನದ ದೃಷ್ಟಿಯಿಂದ ಅದು ಸರಿಯೇ.

ಸ್ಕ್ಯಾನ್ ಎಂಬ ಸಾಲು ಒಂದು ನಕ್ಷತ್ರ ಅಥವಾ ಗ್ರಹದ ವಿವರ ಕೊಡುತ್ತದೆ. ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ಎಲ್ಲ ಸ್ಕ್ಯಾನ್‌ಗಳನ್ನೂ ಅನ್ವೇಷಣೆ ಎಂದೇ ಎಣಿಸಿದ್ದೆ. ಹೆದ್ದಾರಿಯ ಉದ್ದಕ್ಕೂ ಅನ್ವೇಷಣೆ ತುಂಬಿ ತುಳುಕುತ್ತಿರುವಂತೆ ಕಂಡಿತು. ಎರಡು ದಿನ ಬಿಟ್ಟು ಸಾಲುಗಳನ್ನು ಒಂದೊಂದಾಗಿ ಕಣ್ಣಾರೆ ಓದಿದಾಗ ಕಾರಣ ಸಿಕ್ಕಿತು. ಸ್ಕ್ಯಾನ್ ಸಾಲಿನೊಳಗೆ ಸ್ಕ್ಯಾನ್ ಟೈಪ್ ಎಂಬ ಅಂಶವಿದೆ. ಅದರ ಬೆಲೆ ಆಟೊಸ್ಕ್ಯಾನ್ ಎಂದಿದ್ದರೆ ಆಟಗಾರ ಏನೂ ಮಾಡಿಲ್ಲ, ನೌಕೆ ಹತ್ತಿರ ಬಂದದ್ದರಿಂದ ತಾನಾಗಿ ದಾಖಲಾಗಿದೆ. ಪ್ರತಿ ಜಿಗಿತದ ಕೊನೆಗೆ ಮುಖ್ಯ ನಕ್ಷತ್ರಕ್ಕೆ ಇದು ಆಗುತ್ತದೆ. ಡೀಟೇಲ್ಡ್ ಎಂದಿದ್ದರೆ ಮಾತ್ರ ಆಟಗಾರ ಸ್ಕ್ಯಾನರ್ ಹಿಡಿದು ನೋಡಿದ್ದಾನೆ. ನ್ಯಾವ್ ಬೀಕನ್ ಡೀಟೇಲ್ ಎಂಬುದು ಜನವಸತಿ ಇರುವ ಸಿಸ್ಟಮ್‌ನ ದಾರಿದೀಪದಿಂದ ಇಳಿಸಿಕೊಂಡ ಮಾಹಿತಿ, ಅದನ್ನು ಪೂರಾ ಹೊರಗಿಡಿ.

ಅದೇ ಸಾಲಿನಲ್ಲಿ ಇನ್ನೆರಡು ಅಂಶಗಳಿವೆ: ವಾಸ್ ಡಿಸ್ಕವರ್ಡ್, ವಾಸ್ ಮ್ಯಾಪ್ಡ್. ಈ ಕಾಯವನ್ನು ಮೊದಲೇ ಯಾರಾದರೂ ಕಂಡುಹಿಡಿದಿದ್ದಾರೆಯೇ, ಅದರ ಮೇಲ್ಮೈ ನಕ್ಷೆ ಯಾರಾದರೂ ಮಾಡಿದ್ದಾರೆಯೇ ಎಂಬುದಕ್ಕೆ ಹೌದು-ಇಲ್ಲ ಎಂಬ ಉತ್ತರ ಇವು. ಆದರೆ ಆಟದಲ್ಲಿ ಕಂಡುಹಿಡಿದ ಹೆಸರು ದಕ್ಕುವುದು ಕಂಡಾಗಲ್ಲ, ಆ ಮಾಹಿತಿಯನ್ನು ಯೂನಿವರ್ಸಲ್ ಕಾರ್ಟೊಗ್ರಾಫಿಕ್ಸ್ ಎಂಬ ಆಟದೊಳಗಿನ ನಕ್ಷೆ ಸಂಸ್ಥೆಗೆ ಮಾರಿದಾಗ. ದೂರದ ಪ್ರಯಾಣ ಹೋದವರು ತಿಂಗಳುಗಟ್ಟಲೆ ಮಾಹಿತಿಯನ್ನು ನೌಕೆಯಲ್ಲೇ ಇಟ್ಟುಕೊಂಡು ತಿರುಗುತ್ತಾರೆ, ಮಧ್ಯದಲ್ಲಿ ನೌಕೆ ನಾಶವಾದರೆ ಅದೆಲ್ಲ ಹೋಯಿತು. ಆದ್ದರಿಂದ ವಾಸ್ ಡಿಸ್ಕವರ್ಡ್ ಇಲ್ಲ ಎಂದು ಬಂದರೆ ಯಾರೂ ಬಂದಿಲ್ಲ ಎಂದಲ್ಲ, ಬಂದವರು ಯಾರೂ ಇನ್ನೂ ಮಾರಿಲ್ಲ ಎಂದು ಓದಿಕೊಳ್ಳಿ. ಒಂದೇ ಗ್ರಹ ಇಬ್ಬರಿಗೂ ಹೊಸದಾಗಿ ಕಾಣುವುದು ಇದರಿಂದಲೇ.

ನನ್ನ ವಿಂಗಡಣೆ ಹೀಗೆ. ಸಿಸ್ಟಮ್‌ನಲ್ಲಿ ಆಟೊಸ್ಕ್ಯಾನ್ ಮಾತ್ರ ಇದ್ದರೆ ಅದು ಹಾದುಹೋದದ್ದು. ಬಂದವರು ಎಫ್‌ಎಸ್‌ಎಸ್ ಡಿಸ್ಕವರಿ ಸ್ಕ್ಯಾನ್ ಮಾಡಿದ್ದರೆ, ಅಂದರೆ ಇಲ್ಲಿ ಎಷ್ಟು ಕಾಯಗಳಿವೆ ಎಂದು ಒಮ್ಮೆ ಕೂಗಿ ಕೇಳಿದ್ದರೆ, ಅದು ಇಣುಕಿ ನೋಡಿದ್ದು. ಆಟಗಾರರು ಇದಕ್ಕೆ ಹಾಂಕ್ ಎನ್ನುತ್ತಾರೆ. ಮುಖ್ಯ ನಕ್ಷತ್ರ ಬಿಟ್ಟು ಬೇರೆ ಕಾಯಗಳ ಡೀಟೇಲ್ಡ್ ಸ್ಕ್ಯಾನ್ ಇದ್ದರೆ ಹುಡುಕಿದ್ದು. ಈ ಮೂರು ಪದಗಳಲ್ಲೇ ಮುಂದಿನ ಎಲ್ಲ ಲೆಕ್ಕ.

ನಾಲ್ಕನೆಯ ಹೆಜ್ಜೆ: ಶುಚಿ ಮಾಡುವುದು

ಎಷ್ಟೋ ಮಂದಿ ಎಡವುವ ಜಾಗ ಅಕ್ಷಗಳದ್ದು. ಈ ಆಟದಲ್ಲಿ ಸೂರ್ಯ 0, 0, 0ರಲ್ಲಿದ್ದಾನೆ, ಅಳತೆ ಜ್ಯೋತಿರ್ವರ್ಷಗಳಲ್ಲಿ. ಆದರೆ ವೈ ಅಕ್ಷ ಆಕಾಶಗಂಗೆಯ ತಟ್ಟೆಯಿಂದ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಸೂರ್ಯನಿಂದ ಗ್ಯಾಲಕ್ಸಿಯ ನಡುವಿಗೆ ಸಾಗುವುದು ಝಡ್. ಮೇಲಿನಿಂದ ನೋಡಿದ ನಕ್ಷೆ ಬೇಕಾದರೆ ಎಕ್ಸ್ ಮತ್ತು ಝಡ್ ತೆಗೆದುಕೊಳ್ಳಬೇಕು. ಅಭ್ಯಾಸದಿಂದ ಎಕ್ಸ್ ಮತ್ತು ವೈ ಹಾಕಿದರೆ ಅಡ್ಡಕ್ಕೆ ಚಪ್ಪಟೆಯಾದ ಒಂದು ಪಟ್ಟಿ ಬರುತ್ತದೆ.

ಎರಡನೆಯದು ವಿಳಾಸ ಸಂಖ್ಯೆ. ಪ್ರತಿ ಸಿಸ್ಟಮ್‌ಗೂ 64 ಬಿಟ್‌ನ ಒಂದು ಸಂಖ್ಯೆ ಇದೆ. ಸಾಮಾನ್ಯ ದಶಾಂಶ ಸಂಖ್ಯೆಯಾಗಿ ಓದಿದರೆ 53 ಬಿಟ್ ದಾಟಿದ ಮೇಲೆ ಕೊನೆಯ ಅಂಕಿಗಳು ತಪ್ಪುತ್ತವೆ. ಕಾಲಂನಲ್ಲಿ ಒಂದು ಜಾಗ ಖಾಲಿ ಇದ್ದರೂ ಪೈಥಾನ್‌ನ ಪಾಂಡಾಸ್ ಲೈಬ್ರರಿ ಇಡೀ ಕಾಲಂ ಅನ್ನು ದಶಾಂಶಕ್ಕೆ ಬದಲಿಸಿಬಿಡುತ್ತದೆ, ಎರಡು ಬೇರೆ ಬೇರೆ ಸಿಸ್ಟಮ್‌ಗಳು ಒಂದೇ ಎಂದು ಸೇರಿಹೋಗಬಹುದು. ಪೂರ್ಣಾಂಕವಾಗಿ, ಇಲ್ಲವೇ ಪಠ್ಯವಾಗಿ ಓದಿಸಿ. ಹೆಸರಿನ ಬದಲು ಈ ಸಂಖ್ಯೆಯನ್ನೇ ಗುರುತಾಗಿ ಬಳಸಿ.

ಸಮಯವೆಲ್ಲ ಯುಟಿಸಿಯಲ್ಲಿದೆ, ಹಾಗೇ ಬಿಡಿ. ಆಟದೊಳಗಿನ ವರ್ಷ ನಮ್ಮದಕ್ಕಿಂತ 1286 ಮುಂದೆ, 2019 ಅಲ್ಲಿ 3305. ವಾರವನ್ನು ಗುರುವಾರದಿಂದ ಎಣಿಸುವುದು ಅನುಕೂಲ. ಆಟದ ಸರ್ವರ್‌ನ ವಾರದ ನಿರ್ವಹಣೆ ನಡೆಯುವುದೂ ವಾರದ ಲೆಕ್ಕಗಳು ಹೊಸದಾಗುವುದೂ ಗುರುವಾರವೇ.

ಜನವಸತಿ ಇರುವ ಸಿಸ್ಟಮ್‌ಗಳನ್ನು ತೆಗೆದುಹಾಕಿ. ಅಲ್ಲಿ ಕಂಡುಹಿಡಿಯಲು ಏನೂ ಉಳಿದಿಲ್ಲ, ಓಡಾಟ ಮಾತ್ರ ಬೆಟ್ಟದಷ್ಟು.

ಐದನೆಯ ಹೆಜ್ಜೆ: ದಾರಿಯನ್ನು ಬೇರ್ಪಡಿಸುವುದು

ಕೊಲೋನಿಯಾ ಇರುವುದು ಸೂರ್ಯನಿಂದ 22,000 ಜ್ಯೋತಿರ್ವರ್ಷ ದೂರದಲ್ಲಿ. ಎಕ್ಸ್ −9530.5, ವೈ −910.3, ಝಡ್ 19808.1. ಸೂರ್ಯನಿಂದ ಅಲ್ಲಿಗೆ ಒಂದು ನೇರ ಗೆರೆ ಎಳೆದು, ಪ್ರತಿ ಸಿಸ್ಟಮ್ ಆ ಗೆರೆಯಿಂದ ಎಷ್ಟು ಪಕ್ಕಕ್ಕಿದೆ ಎಂದು ಕಂಡುಹಿಡಿಯಬೇಕು. ಒಂದನ್ನು ಕೈಯಿಂದಲೇ ಮಾಡಿ ನೋಡೋಣ.

ಸಿಸ್ಟಮ್ −4000, −500, 9000ರಲ್ಲಿದೆ ಎನ್ನಿ. ಕೊಲೋನಿಯಾದ ಮೂರೂ ಸಂಖ್ಯೆಗಳನ್ನು ಅದರ ನಿಖರ ದೂರವಾದ 22,000.5ರಿಂದ ಭಾಗಿಸಿದರೆ ದಿಕ್ಕು ಸಿಗುತ್ತದೆ: −0.4332, −0.0414, 0.9003. ನಮ್ಮ ಸಿಸ್ಟಮ್‌ನ ಸಂಖ್ಯೆಗಳನ್ನು ಒಂದಕ್ಕೊಂದು ಇವುಗಳಿಂದ ಗುಣಿಸಿ ಕೂಡಿದರೆ ಸುಮಾರು 9857. ಗೆರೆಯ ಉದ್ದಕ್ಕೆ ಅಷ್ಟು ದೂರ ಬಂದಿದ್ದೇವೆ. ಸೂರ್ಯನಿಂದ ನೇರ ದೂರದ ವರ್ಗದಲ್ಲಿ ಈ ಉದ್ದದ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ ಸುಮಾರು 312 ಬರುತ್ತದೆ. ಕೈಲೆಕ್ಕದಲ್ಲಿ ದಶಾಂಶ ಸ್ಥಾನಗಳನ್ನು ಬೇಗ ಕತ್ತರಿಸಬೇಡಿ, ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸವಾದ್ದರಿಂದ ಉತ್ತರ ಬೇಗ ಅಲುಗುತ್ತದೆ. ಅಂತೂ ಗೆರೆಯಿಂದ 312 ಜ್ಯೋತಿರ್ವರ್ಷ ಪಕ್ಕಕ್ಕೆ.

ಎಲ್ಲ ಸಿಸ್ಟಮ್‌ಗಳಿಗೂ ಇದನ್ನು ಮಾಡಿ, ಪಕ್ಕದ ದೂರವನ್ನು ನೂರು ನೂರು ಜ್ಯೋತಿರ್ವರ್ಷದ ಪಟ್ಟಿಗಳಾಗಿ ವಿಂಗಡಿಸಿ. ಪ್ರತಿ ಪಟ್ಟಿಯಲ್ಲೂ ಹಾದುಹೋದವು ಎಷ್ಟು, ಹುಡುಕಿದವು ಎಷ್ಟು ಎಂದು ನೋಡಿ. ಹೊರಕ್ಕೆ ಹೋದಂತೆ ಹುಡುಕಿದವುಗಳ ಪಾಲು ಎಲ್ಲಿ ಏರಲು ಶುರುವಾಗುತ್ತದೋ ಅಲ್ಲಿಗೆ ಹೆದ್ದಾರಿಯ ಅಂಚು. ಈ ಅಂಚನ್ನು ಊಹೆಯಿಂದ ಇಡಬೇಡಿ, ಡೇಟಾದಿಂದಲೇ ತೆಗೆಯಿರಿ.

ನೇರ ಗೆರೆಯೊಂದೇ ಸಾಲದು ಎನ್ನುವುದಕ್ಕೆ ನ್ಯೂಟ್ರಾನ್ ನಕ್ಷತ್ರಗಳು ಸಾಕ್ಷಿ. ನ್ಯೂಟ್ರಾನ್ ನಕ್ಷತ್ರ ಉಗುಳುವ ಜೆಟ್‌ನೊಳಗೆ ನೌಕೆ ಹಾಯಿಸಿದರೆ ಮುಂದಿನ ಒಂದು ಜಿಗಿತದ ದೂರ ನಾಲ್ಕು ಪಟ್ಟಾಗುತ್ತದೆ. ಅವಸರದಲ್ಲಿರುವವರು ನ್ಯೂಟ್ರಾನ್‌ನಿಂದ ನ್ಯೂಟ್ರಾನ್‌ಗೆ ಹಾರುತ್ತ ಹೋಗುತ್ತಾರೆ, ಅವರ ದಾರಿ ನೇರ ಗೆರೆಯ ಆಚೀಚೆ ಸೊಟ್ಟಗೆ ಸಾಗುತ್ತದೆ. ಮುಖ್ಯ ನಕ್ಷತ್ರ ನ್ಯೂಟ್ರಾನ್ ಆಗಿದ್ದು, ಬೇರೆ ಕಾಯಗಳ ಸ್ಕ್ಯಾನ್ ಇಲ್ಲದಿದ್ದರೆ, ಪಕ್ಕದ ದೂರ ಎಷ್ಟೇ ಇರಲಿ ಅದನ್ನು ದಾರಿ ಎಂದೇ ಗುರುತಿಸಿ.

ಇನ್ನೊಂದು ವಿಷಯ ಎಲ್ಲ ಸಂಗ್ರಹಗಳ ಮೇಲೂ ತನ್ನ ನೆರಳು ಬೀಳಿಸಿದೆ. ಇಂಧನ ತುಂಬಿಕೊಳ್ಳಲು ಆಗುವುದು ಕೆ, ಜಿ, ಬಿ, ಎಫ್, ಒ, ಎ, ಎಂ ವರ್ಗದ ನಕ್ಷತ್ರಗಳಿಂದ ಮಾತ್ರ. ಆಟಗಾರರು ದಾರಿ ಹಾಕುವಾಗ ಉಳಿದವನ್ನು ಸೋಸಿಬಿಡುತ್ತಾರೆ. ಹಾಗಾಗಿ ಎಲ್, ಟಿ, ವೈ ವರ್ಗದ ಕಂದು ಕುಬ್ಜಗಳು ಹೆದ್ದಾರಿಯ ಪಕ್ಕದಲ್ಲೇ ಇದ್ದರೂ ಯಾರೂ ಕಾಲಿಡದೆ ಉಳಿದಿರುತ್ತವೆ. ಸಂಗ್ರಹದಲ್ಲಿ ಕಂದು ಕುಬ್ಜಗಳು ಕಡಿಮೆ ಇವೆ ಎಂಬ ಮಾತ್ರಕ್ಕೆ ಗ್ಯಾಲಕ್ಸಿಯಲ್ಲಿ ಅವು ಕಡಿಮೆ ಎನ್ನಬಾರದು.

ಆರನೆಯ ಹೆಜ್ಜೆ: ಛೇದವನ್ನು ಹುಡುಕುವುದು

ನನಗೆ ಇಡೀ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದು. ಒಂದು ಪ್ರದೇಶದಲ್ಲಿ 12 ಸಿಸ್ಟಮ್ ನೋಡಿದ್ದಾರೆ ಎಂದರೆ ಅದು ಹೆಚ್ಚೋ ಕಡಿಮೆಯೋ? ಅಲ್ಲಿ ಒಟ್ಟು 15 ಇದ್ದರೆ ಹೆಚ್ಚೂಕಡಿಮೆ ಮುಗಿದಂತೆ, 1500 ಇದ್ದರೆ ಇನ್ನೂ ಶುರುವೇ ಆಗಿಲ್ಲ. ಗ್ಯಾಲಕ್ಸಿಯ ನಡುವಿನಲ್ಲಿ ನಕ್ಷತ್ರಗಳು ಒತ್ತಾಗಿವೆ, ಅಂಚಿನಲ್ಲಿ ವಿರಳ. ಒಟ್ಟು ಎಷ್ಟಿವೆ ಎಂದು ಗೊತ್ತಿಲ್ಲದೆ ಚುಕ್ಕಿ ಎಣಿಸಿದರೆ ನಡುವಿನ ಭಾಗವೇ ಯಾವಾಗಲೂ ಗೆಲ್ಲುತ್ತದೆ.

ಈ ಒಟ್ಟನ್ನು ಅಂದಾಜು ಮಾಡುವ ಕೀಲಿ ಆಟದ ಹೆಸರಿಡುವ ಪದ್ಧತಿಯಲ್ಲೇ ಅಡಗಿದೆ. ಸ್ಟೆಲ್ಲರ್ ಫೋರ್ಜ್ ಎಂಬ ವ್ಯವಸ್ಥೆ ಗ್ಯಾಲಕ್ಸಿಯನ್ನು 1280 ಜ್ಯೋತಿರ್ವರ್ಷ ಬದಿಯ ಘನಗಳಾಗಿ ಕತ್ತರಿಸಿದೆ, ಇವೇ ಸೆಕ್ಟರ್‌ಗಳು. ಒಂದೊಂದನ್ನೂ ಮತ್ತೆ ಸಣ್ಣ ಪೆಟ್ಟಿಗೆಗಳಾಗಿ ಹಂಚಿದೆ, ಇವಕ್ಕೆ ಬಾಕ್ಸೆಲ್ ಎನ್ನುತ್ತಾರೆ. ಪೆಟ್ಟಿಗೆಗಳು ಎಂಟು ಅಳತೆಯಲ್ಲಿವೆ. ‘ಎ’ ಪೆಟ್ಟಿಗೆಯ ಬದಿ 10 ಜ್ಯೋತಿರ್ವರ್ಷ, ‘ಬಿ’ಯದು 20, ‘ಸಿ’ಯದು 40, ‘ಡಿ’ಯದು 80, ಹೀಗೆ ಇಮ್ಮಡಿಯಾಗುತ್ತ ‘ಎಚ್’ ಬರುವಷ್ಟರಲ್ಲಿ 1280. ಹಗುರ ಸಿಸ್ಟಮ್‌ಗಳು ‘ಎ’ಯಲ್ಲಿ, ಅತಿ ಭಾರದವು ‘ಎಚ್’ನಲ್ಲಿ. ಸೆಕ್ಟರ್ ಹೆಸರಿನ ನಂತರ ‘ಎಬಿ-ಸಿ ಡಿ1-23’ ಎಂದು ಇದ್ದರೆ ಕೊನೆಯ 23 ಆ ಪೆಟ್ಟಿಗೆಯೊಳಗಿನ ಸರಣಿ ಸಂಖ್ಯೆ, ಉಳಿದದ್ದು ಪೆಟ್ಟಿಗೆಯ ಗುರುತು. ನಡುವಿನ ಸಂಖ್ಯೆ ಸೊನ್ನೆಯಾದರೆ ಅದನ್ನು ಬರೆಯುವುದೇ ಇಲ್ಲ, ‘ಎಬಿ-ಸಿ ಡಿ23’ ಎಂದಷ್ಟೇ ಇರುತ್ತದೆ. ಸಂಖ್ಯೆಗಳ ನಡುವೆ ಅಡ್ಡಗೆರೆ ಇದ್ದೇ ಇರುತ್ತದೆ ಎಂದು ನಂಬಿ ಹೆಸರು ಬಿಡಿಸಿದರೆ ಇಂಥ ಪೆಟ್ಟಿಗೆಗಳೆಲ್ಲ ಕೈತಪ್ಪುತ್ತವೆ.

ಸರಣಿ ಸಂಖ್ಯೆ 0ಯಿಂದ ಶುರುವಾಗಿ ಒಂದೊಂದೇ ಏರುತ್ತದೆ. ಅಂದರೆ 57ನೆಯದು ಕಂಡಿದ್ದರೆ ಆ ಪೆಟ್ಟಿಗೆಯಲ್ಲಿ ಕನಿಷ್ಠ 58 ಇವೆ, ನೋಡದಿದ್ದರೂ ಇವೆ. ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ಸೆರೆಸಿಕ್ಕ ಜರ್ಮನ್ ಟ್ಯಾಂಕ್‌ಗಳ ಭಾಗಗಳ ಮೇಲಿನ ಸರಣಿ ಸಂಖ್ಯೆಗಳಿಂದ ಒಟ್ಟು ತಯಾರಿಯನ್ನು ಅಂದಾಜು ಮಾಡಿದ್ದರು. ಅದೇ ಸೂತ್ರ ಇಲ್ಲಿಗೂ ಹೊಂದುತ್ತದೆ. ಕಂಡ ಅತಿ ದೊಡ್ಡ ಸ್ಥಾನವನ್ನು (ಸರಣಿ ಸಂಖ್ಯೆಗೆ ಒಂದು ಕೂಡಿದ್ದು) ಕಂಡವುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಆ ದೊಡ್ಡ ಸ್ಥಾನಕ್ಕೇ ಕೂಡಿಸಿ, ಒಂದು ಕಳೆಯಿರಿ. ನಮ್ಮ ಪೆಟ್ಟಿಗೆಯಲ್ಲಿ ನೋಡಿದವು 12, ಅತಿ ದೊಡ್ಡ ಸ್ಥಾನ 58. 58ನ್ನು 12ರಿಂದ ಭಾಗಿಸಿದರೆ 4.83. ಕೂಡಿಸಿದರೆ 62.83, ಒಂದು ಕಳೆದರೆ 61.83. ಒಟ್ಟು ಸುಮಾರು 62 ಇದ್ದಾವು, ನೋಡಿದ್ದು ಐದನೇ ಒಂದು ಭಾಗ.

ಈ ಸೂತ್ರ ಕಂಡವು ಯಾದೃಚ್ಛಿಕವಾಗಿ ಸಿಕ್ಕಿವೆ ಎಂದು ನಂಬುತ್ತದೆ. ಕೆಲವು ಆಟಗಾರರು ಪೆಟ್ಟಿಗೆಯೊಂದನ್ನು ಹಿಡಿದು 0, 1, 2 ಎಂದು ಸಾಲಾಗಿ ಮುಗಿಸುತ್ತಾರೆ. ಅವರು 20ರಲ್ಲಿ ನಿಲ್ಲಿಸಿದ್ದರೆ ಸೂತ್ರವು ಪೆಟ್ಟಿಗೆ ಮುಗಿದೇಹೋಯಿತು ಎನ್ನುತ್ತದೆ. ಕಂಡ ಸಂಖ್ಯೆಗಳು 0ಯಿಂದ ಎಡೆಬಿಡದೆ ಸಾಲಾಗಿದ್ದರೆ ಆ ಪೆಟ್ಟಿಗೆಯನ್ನು ಅಂದಾಜಿನಿಂದ ಹೊರಗಿಟ್ಟು, ಅಕ್ಕಪಕ್ಕದ ಅದೇ ಅಳತೆಯ ಪೆಟ್ಟಿಗೆಗಳ ಸರಾಸರಿ ಹಾಕಿ. ಮೂರಕ್ಕಿಂತ ಕಡಿಮೆ ಸಿಸ್ಟಮ್ ಕಂಡ ಪೆಟ್ಟಿಗೆಗೂ ನಾನು ಇದನ್ನೇ ಮಾಡುತ್ತೇನೆ.

ಹಳೆಯ ಖಗೋಳ ಕ್ಯಾಟಲಾಗ್‌ಗಳಿಂದ ಬಂದ, ಕೈಯಿಂದ ಇಟ್ಟ ಸಿಸ್ಟಮ್‌ಗಳ ಹೆಸರು ಈ ರೂಪದಲ್ಲಿರುವುದಿಲ್ಲ. ಅವುಗಳ 64 ಬಿಟ್ ಸಂಖ್ಯೆಯ ಕೊನೆಯ ಮೂರು ಬಿಟ್‌ಗಳು ಅಳತೆಯ ಅಕ್ಷರವನ್ನು ಹೇಳುತ್ತವೆ: 0 ಎಂದರೆ ‘ಎ’, 7 ಎಂದರೆ ‘ಎಚ್’. ಪೆಟ್ಟಿಗೆಯ ಸ್ಥಾನ ಬೇಕಾದರೆ ನಿರ್ದೇಶಾಂಕದಿಂದಲೇ ಸಿಗುತ್ತದೆ. ಜಾಲರಿಯ ಮೂಲೆ ಇರುವುದು −49985, −40985, −24105ರಲ್ಲಿ. ಎಕ್ಸ್ −4000 ಇರುವ ಸಿಸ್ಟಮ್ ಮೂಲೆಯಿಂದ 45,985 ದೂರ, ‘ಡಿ’ ಪೆಟ್ಟಿಗೆಯಾದರೆ 80ರಿಂದ ಭಾಗಿಸಿ, ದಶಾಂಶ ಬಿಟ್ಟು 574.

ಒಂದೊಂದು ಅಕ್ಷರಕ್ಕೂ ನೋಡಿದ ಪಾಲನ್ನು ಬೇರೆ ಬೇರೆ ಲೆಕ್ಕ ಹಾಕಿದರೆ ಆಟಗಾರರ ಒಲವು ಬಯಲಾಗುತ್ತದೆ. ಭಾರದ ಪೆಟ್ಟಿಗೆಗಳಲ್ಲಿ ಕಪ್ಪುಕುಳಿಯಂಥ ಅಪರೂಪದ ಗುರಿಗಳಿವೆ, ಸಂಖ್ಯೆ ಕಡಿಮೆ, ಹುಡುಕುವವರು ಹೆಚ್ಚು. ‘ಎ’ ಪೆಟ್ಟಿಗೆಗಳು ಅಸಂಖ್ಯ, ಕೇಳುವವರಿಲ್ಲ. ಎಲ್ಲವನ್ನೂ ಒಟ್ಟಿಗೆ ಸೇರಿಸಿ ಒಂದೇ ಸಂಖ್ಯೆ ಕೊಟ್ಟರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಏಳನೆಯ ಹೆಜ್ಜೆ: ಕಾಲದ ಜೊತೆ ಓದುವುದು

ಗ್ರಾಫ್ ಏರಿದಾಗ ಆಟಗಾರರ ಮನಸ್ಸು ಬದಲಾಯಿತೆಂದು ಬರೆಯುವ ಮುನ್ನ ಆಟ ಬದಲಾಯಿತೇ ಎಂದು ನೋಡಿ. 2018ರ ಡಿಸೆಂಬರ್‌ನ ಅಪ್‌ಡೇಟ್‌ನಲ್ಲಿ ಎಫ್‌ಎಸ್‌ಎಸ್ ಸ್ಕ್ಯಾನರ್ ಬಂತು. ಅದಕ್ಕೂ ಮುಂಚೆ ಗ್ರಹವೊಂದನ್ನು ಸ್ಕ್ಯಾನ್ ಮಾಡಲು ಅದರ ಹತ್ತಿರ ಹಾರಿಹೋಗಬೇಕಿತ್ತು, ಆಮೇಲೆ ಕೂತ ಜಾಗದಿಂದಲೇ ಇಡೀ ಸಿಸ್ಟಮ್ ನೋಡಬಹುದಾಯಿತು. ಒಂದು ಸಿಸ್ಟಮ್‌ಗೆ ಎಷ್ಟು ಸ್ಕ್ಯಾನ್ ಎಂಬ ಅಳತೆಯನ್ನು ಈ ದಿನಾಂಕದ ಆಚೀಚೆ ಹೋಲಿಸಲೇಬಾರದು.

2020ರ ಜೂನ್‌ನಲ್ಲಿ ಆಟಗಾರರಿಗೆ ಸ್ವಂತ ಫ್ಲೀಟ್ ಕ್ಯಾರಿಯರ್, ಅಂದರೆ ನೌಕೆಗಳನ್ನು ಹೊತ್ತು ಜಿಗಿಯುವ ದೊಡ್ಡ ನೌಕೆ, ಕೊಳ್ಳುವ ಅವಕಾಶ ಬಂತು. ಕ್ಯಾರಿಯರ್ ಒಮ್ಮೆಗೆ 500 ಜ್ಯೋತಿರ್ವರ್ಷ ಜಿಗಿಯುತ್ತದೆ, ಅದರಲ್ಲಿ ನೌಕೆ ನಿಲ್ಲಿಸಿ ಕೂತವರಿಗೆ ಎಫ್‌ಎಸ್‌ಡಿ ಜಂಪ್ ದಾಖಲಾಗುವುದಿಲ್ಲ, ಕ್ಯಾರಿಯರ್ ಜಂಪ್ ಎಂಬ ಬೇರೆ ಸಾಲು ಬರುತ್ತದೆ. ಜಿಗಿತ ಕಡಿಮೆಯಾದದ್ದನ್ನು ಆಸಕ್ತಿ ಕಡಿಮೆಯಾಯಿತೆಂದು ಓದಿದರೆ ತಪ್ಪಾಗುತ್ತದೆ. 2021ರ ಮೇನಲ್ಲಿ ಒಡಿಸ್ಸಿ ಎಂಬ ವಿಸ್ತರಣೆ ಬಂದು, ತೆಳು ವಾತಾವರಣದ ಗ್ರಹಗಳ ಮೇಲಿಳಿದು ಜೀವಿಗಳ ಮಾದರಿ ಸಂಗ್ರಹಿಸುವುದು ಶುರುವಾಯಿತು. ಅಂದಿನಿಂದ ಒಂದೇ ಸಿಸ್ಟಮ್‌ನಲ್ಲಿ ಗಂಟೆಗಟ್ಟಲೆ ಇರುವ ಆಟಗಾರ ಜಿಗಿತದ ಲೆಕ್ಕದಲ್ಲಿ ಸೋಮಾರಿಯಂತೆ ಕಾಣುತ್ತಾನೆ, ನಿಜದಲ್ಲಿ ಅವನದು ಆಳವಾದ ಅನ್ವೇಷಣೆ. 2022ರ ನವೆಂಬರ್‌ನಲ್ಲಿ ಆಟ ಲೈವ್ (ಹೊಸದು) ಮತ್ತು ಲೆಗಸಿ (ಹಳೆಯದು) ಎಂದು ಎರಡಾಗಿ ಒಡೆಯಿತು, ಸಂದೇಶದಲ್ಲಿರುವ ಆವೃತ್ತಿ ನೋಡಿ ಬೇರ್ಪಡಿಸಿ. 2025ರ ಫೆಬ್ರುವರಿಯಿಂದ ಆಟಗಾರರೇ ಹೊಸ ಸಿಸ್ಟಮ್‌ಗಳಲ್ಲಿ ವಸಾಹತು ಕಟ್ಟಬಹುದು. ಜನವಸತಿಯ ಅಂಚಿನಲ್ಲಿ ಆಮೇಲೆ ಕಾಣುವ ಸ್ಕ್ಯಾನ್‌ಗಳಲ್ಲಿ ಎಷ್ಟೋ ನಿವೇಶನ ಹುಡುಕುವವರದ್ದು.

ದೊಡ್ಡ ಸಾಮೂಹಿಕ ಯಾತ್ರೆಗಳೂ ಹಾಗೆಯೇ. 2019ರ ಜನವರಿಯಲ್ಲಿ ಹೊರಟ ಡಿಸ್ಟಂಟ್ ವರ್ಲ್ಡ್ಸ್ 2 ಯಾತ್ರೆಗೆ ಹತ್ತು ಸಾವಿರಕ್ಕೂ ಹೆಚ್ಚು ಆಟಗಾರರು ಹೆಸರು ಕೊಟ್ಟಿದ್ದರು. ಗುರಿ ಸೂರ್ಯನಿಂದ 65,000 ಜ್ಯೋತಿರ್ವರ್ಷಕ್ಕೂ ಆಚೆ ಇರುವ ಬೀಗಲ್ ಪಾಯಿಂಟ್. ಎಫ್‌ಎಸ್‌ಎಸ್ ಬಂದ ಮರುತಿಂಗಳೇ ಯಾತ್ರೆಯೂ ಹೊರಟದ್ದರಿಂದ ಆ ತಿಂಗಳುಗಳ ಏರಿಕೆಗೆ ಯಾವುದು ಎಷ್ಟು ಕಾರಣ ಎಂದು ಬಿಡಿಸುವುದು ಕಷ್ಟ. ಯಾತ್ರೆ ಸಾಗಿದ ಪ್ರದೇಶಗಳನ್ನೂ ಸಾಗದ ಪ್ರದೇಶಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸ್ವಲ್ಪ ಬೆಳಕು ಬೀಳುತ್ತದೆ.

ಬರಿಯ ಎಣಿಕೆಯ ಬದಲು ಪಾಲುಗಳನ್ನು ಗ್ರಾಫ್‌ಗೆ ಹಾಕಿ: ಆ ವಾರದ ಸಿಸ್ಟಮ್‌ಗಳಲ್ಲಿ ಹುಡುಕಿದವು ಎಷ್ಟು, ಅವುಗಳಲ್ಲಿ ಹೊಸವು ಎಷ್ಟು. ಮಾಹಿತಿ ಕಳಿಸುವವರ ಸಂಖ್ಯೆ ಏರಿಳಿದರೂ ಪಾಲು ಅಷ್ಟು ಅಲುಗುವುದಿಲ್ಲ. ಗ್ರಾಫಿನ ಮೇಲೆ ಅಪ್‌ಡೇಟ್‌ಗಳ ದಿನಾಂಕಕ್ಕೆ ನೆಟ್ಟಗೆರೆ ಎಳೆಯಿರಿ.

ಎಂಟನೆಯ ಹೆಜ್ಜೆ: ಕಾಣದವರನ್ನು ಅಳೆಯುವುದು

ಈ ಡೇಟಾ ಕಳಿಸುವವರು ಎಲ್ಲ ಆಟಗಾರರಲ್ಲ. ಜರ್ನಲ್ ಇರುವುದು ಪಿಸಿಯಲ್ಲಿ, ಅದನ್ನು ಕಳಿಸುವ ಪ್ರೋಗ್ರಾಂ ಹಾಕಿಕೊಂಡವರು ಅದರಲ್ಲೂ ಒಂದು ಪಾಲು, ಅದೂ ಹೆಚ್ಚಾಗಿ ಆಟವನ್ನು ಮನಸ್ಸಿಟ್ಟು ಆಡುವವರು. ಹೆಚ್ಚಿನ ಲೇಖನಗಳು ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ಆದರೆ ಇದನ್ನು ಅಳೆಯಬಹುದು.

ನಮ್ಮ ಸಂಗ್ರಹದಲ್ಲಿ ಈ ವಾರ ಮೊಟ್ಟಮೊದಲ ಬಾರಿಗೆ ಕಾಣಿಸಿಕೊಂಡ ಸಿಸ್ಟಮ್‌ಗಳನ್ನು ಮಾತ್ರ ಆರಿಸಿ. ಅವುಗಳ ಮುಖ್ಯ ನಕ್ಷತ್ರದ ಆಟೊಸ್ಕ್ಯಾನ್ ಸಾಲಿನಲ್ಲಿ ವಾಸ್ ಡಿಸ್ಕವರ್ಡ್ ಏನೆಂದು ನೋಡಿ. ಹಾದುಹೋದದ್ದೆಂದು ಬದಿಗಿಟ್ಟ ಆಟೊಸ್ಕ್ಯಾನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಂಗ್ರಹಕ್ಕೆ ಹೊಸದು, ಆದರೆ ಆಟ ಮಾತ್ರ ಹೌದು ಮೊದಲೇ ಕಂಡಿದ್ದಾರೆ ಎನ್ನುತ್ತಿದೆ ಎಂದರೆ ನಮಗೆ ಕಾಣದ ಯಾರೋ ಅಲ್ಲಿಗೆ ಮೊದಲೇ ಹೋಗಿ, ಮಾಹಿತಿ ಮಾರಿಯೂ ಆಗಿದೆ. ಇಂಥವುಗಳ ಪಾಲನ್ನು ಸೆಕ್ಟರ್ ಸೆಕ್ಟರ್‌ಗೆ ಲೆಕ್ಕ ಹಾಕಿ. ಪಾಲು ದೊಡ್ಡದಿರುವಲ್ಲಿ ನಿಮ್ಮ ನಕ್ಷೆ ಖಾಲಿ ಎಂದು ತೋರಿಸುವ ಜಾಗ ನಿಜವಾಗಿ ಖಾಲಿಯಲ್ಲ. ಒಂದು ಸೆಕ್ಟರ್‌ನಲ್ಲಿ ಇಂಥ ಹೊಸ ಸಿಸ್ಟಮ್‌ಗಳು ಕನಿಷ್ಠ ಮೂವತ್ತಾದರೂ ಇದ್ದರೆ ಮಾತ್ರ ನಾನು ಆ ಪಾಲನ್ನು ನಂಬುತ್ತೇನೆ.

ಬೇರೆಯವರಿಗೆ ತೋರಿಸುವ ನಕ್ಷೆಯಲ್ಲಿ ಒಬ್ಬೊಬ್ಬರ ಹೆಜ್ಜೆಜಾಡು ಕಾಣದಂತೆ ನೋಡಿಕೊಳ್ಳಿ. ಯಾರೂ ಹೋಗದ ಮೂಲೆಯಲ್ಲಿ ಒಂದೇ ಸಾಲಾಗಿ ಸಾಗುವ ಚುಕ್ಕಿಗಳು ಒಬ್ಬನೇ ಆಟಗಾರನವು, ಅವನು ಈಗ ಎಲ್ಲಿದ್ದಾನೆ ಎಂಬುದನ್ನೂ ಅವು ಹೇಳಬಲ್ಲವು. ಸೆಕ್ಟರ್‌ನ ಒಟ್ಟು ಮೊತ್ತ ಹಾಕಿ, ಇತ್ತೀಚಿನ ಕೆಲವು ವಾರಗಳನ್ನು ಬಿಟ್ಟು ಪ್ರಕಟಿಸಿ.

ಕೊನೆಗೆ ನಿಮ್ಮ ಅಂದಾಜನ್ನು ನೌಕೆ ಹತ್ತಿ ಪರೀಕ್ಷಿಸಿ. ಹೆದ್ದಾರಿಯ ಅಂಚಿನಾಚೆಯ ಒಂದು ‘ಡಿ’ ಪೆಟ್ಟಿಗೆ ಆರಿಸಿಕೊಳ್ಳಿ. ಸಂಗ್ರಹದಲ್ಲಿ ಇಲ್ಲದ ಸರಣಿ ಸಂಖ್ಯೆಗಳ ಪಟ್ಟಿ ಮಾಡಿ, ಆಟದ ಗ್ಯಾಲಕ್ಸಿ ನಕ್ಷೆಯಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಹುಡುಕಿ. ಹೆಸರು ಸಿಕ್ಕರೆ ಸಿಸ್ಟಮ್ ಇದೆ, ನಿಮ್ಮ ಅಂದಾಜಿನ (ಮೇಲಿನ ಉದಾಹರಣೆಯಲ್ಲಿ 62ರ) ಸುತ್ತಮುತ್ತ ಎಲ್ಲಿ ಸಿಗದಾಗುತ್ತದೋ ಅಲ್ಲಿಗೆ ಪೆಟ್ಟಿಗೆಯ ನಿಜವಾದ ಗಾತ್ರ ಗೊತ್ತಾಯಿತು. ನಾನು ಹೀಗೆ ಆರಿಸಿದ ಮೊದಲ ಪೆಟ್ಟಿಗೆಗೆ ಹೋಗಿ ಹತ್ತು ಸಿಸ್ಟಮ್ ನೋಡಿದೆ. ಏಳರಲ್ಲಿ ಯಾರ ಹೆಸರೂ ಇರಲಿಲ್ಲ, ಮೂರರಲ್ಲಿ ಇತ್ತು. ಆ ಮೂರನ್ನು ನನ್ನ ಕಾಣದವರ ಲೆಕ್ಕದ ಪಕ್ಕದಲ್ಲಿ ಬರೆದುಕೊಂಡು, ಮುಂದಿನ ಪೆಟ್ಟಿಗೆಗೆ ದಾರಿ ಹಾಕಿದೆ.